ಮಳೆಗಾಲದ ಮೆಕ್ಕೆಜೋಳ ಯಾಕೆ ಕಾಳು ಕಟ್ಟಲಿಲ್ಲ?

ಪ್ರಶ್ನೆ: ಅಕ್ಕಾ, ಹಾವೇರಿಯಲ್ಲಿರುವ ಭಾವನ ಹೊಲದ ಮೆಕ್ಕೆಜೋಳ ನೋಡಿ ಆಸೆಯಾಯಿತು. ಅದೇ ಬೀಜ ತಂದು ಜೂನ್‌ನಲ್ಲಿ ನಮ್ಮ ಗದ್ದೆಗೆ ಹಾಕಿದೆ. ಗಿಡ ಎದೆಯೆತ್ತರ ಬಂದು ಹಳದಿಯಾಯಿತು. ತೆನೆ ಸುಲಿದರೆ ಅರ್ಧವೂ ಕಾಳಿಲ್ಲ. ಮಳೆ ಜಾಸ್ತಿಯಾದರೆ ಬೆಳೆಗೆ ಒಳ್ಳೆಯದೇ ಅಲ್ವಾ?
– ಓದುಗರು, ಬದಿಯಡ್ಕ

ಉತ್ತರ: ಬೀಜದ ತಪ್ಪಲ್ಲ, ನಿಮ್ಮ ದುಡಿಮೆಯ ತಪ್ಪೂ ಅಲ್ಲ. ಹಾಕಿದ ತಿಂಗಳು ಸರಿಯಿಲ್ಲ. ಹಾವೇರಿಯಲ್ಲಿ ಇಡೀ ವರ್ಷ ಬೀಳುವಷ್ಟು ಮಳೆ ನಮ್ಮ ಕಾಸರಗೋಡಿನಲ್ಲಿ ಜುಲೈ ಒಂದರಲ್ಲೇ ಸುರಿಯುತ್ತದೆ.

ನಾನೂ ಒಂದು ವರ್ಷ ಜೂನ್‌ನಲ್ಲೇ ಹಾಕಿದ್ದೆ. ಜುಲೈಯಲ್ಲಿ ಒಂದು ಗಿಡ ಕಿತ್ತು ನೋಡಿದೆ. ಬಿಳಿ ಇರಬೇಕಾದ ಬೇರು ಕಂದಾಗಿತ್ತು, ಕೊಳೆತ ವಾಸನೆ. ಭತ್ತದ ಹಾಗೆ ಜೋಳ ನೀರಿನಲ್ಲಿ ನಿಲ್ಲುವ ಗಿಡವಲ್ಲ. ಎಳೆಗಿಡದ ಬುಡದಲ್ಲಿ ಎರಡು ಮೂರು ದಿನ ನೀರು ನಿಂತರೆ ಬೇರಿಗೆ ಉಸಿರಿಲ್ಲ. ಹಾಕಿದ ಯೂರಿಯಾವೂ ಮಳೆಗೆ ತೊಳೆದು ಹೋಗುತ್ತದೆ. ಹಳದಿಯಾದದ್ದು ಅದಕ್ಕೇ.

ಅದಕ್ಕಿಂತ ದೊಡ್ಡ ಪೆಟ್ಟು ಮೋಡದ್ದು. ಜೋಳ ಬಿಸಿಲು ಕುಡಿದು ಬೆಳೆಯುವ ಬೆಳೆ. ತೆನೆಯ ತುದಿಯಲ್ಲಿ ಕೂದಲು ಕಾಣುತ್ತದಲ್ಲ, ಆ ಒಂದೊಂದು ಎಳೆಗೂ ಒಂದೊಂದು ಕಾಳು. ಎಳೆಗೆ ಗಂಡು ಹೂವಿನ ಹುಡಿ ತಾಗಬೇಕು. ಬಿಡದೆ ಮಳೆ ಹೊಯ್ದರೆ ಹುಡಿ ಒದ್ದೆಯಾಗಿ ಉದುರುವುದೇ ಇಲ್ಲ. ತಾಗಿ ಕಾಳು ಕೂತರೂ ಬಿಸಿಲಿಲ್ಲದೆ ಎಲೆ ಆಹಾರ ಮಾಡುವುದಿಲ್ಲ, ತುದಿಯ ಕಾಳು ಸೊರಗುತ್ತದೆ. ರಾತ್ರಿ ಸೆಕೆ ಇದ್ದರಂತೂ ಹಗಲು ಗಳಿಸಿದ್ದನ್ನು ಗಿಡ ರಾತ್ರಿ ಉಸಿರಾಡಿಯೇ ಕಳೆಯುತ್ತದೆ. ಹಾಗಾಗಿ ಮಾರ್ಚ್‌ನಲ್ಲಿ ಬಿತ್ತಿ ಮೇ ಸೆಕೆಯಲ್ಲಿ ಕಾಳು ಕಟ್ಟಿಸುವುದೂ ಬೇಡ.

ಏಣೆಲು, ಅಂದರೆ ಮಳೆಗಾಲದ ಭತ್ತ, ಕೊಯ್ದ ಮೇಲೆ, ನವೆಂಬರ್ ಕೊನೆಗೆ ಹಾಕಿ ನೋಡಿ. ಜನವರಿಯಲ್ಲಿ ಹೂ ಬರುವಾಗ ಆಕಾಶ ತಿಳಿ, ರಾತ್ರಿ ತಂಪು. ನೀರು ಬಸಿಯುವಂತೆ ಏರಿ ಮಾಡಿ, ಯೂರಿಯಾವನ್ನು ಮೂರು ಸಲಕ್ಕೆ ಹಂಚಿ ಕೊಡಿ. ಸುಳಿಯೊಳಗೆ ಮರದ ಹುಡಿಯಂಥ ಹಿಕ್ಕೆ ಕಂಡರೆ ಸುಮ್ನೆ ಬಿಡಬೇಡಿ. 2018ರಲ್ಲಿ ನಮ್ಮ ದೇಶದಲ್ಲಿ ಕಾಣಿಸಿಕೊಂಡ ಫಾಲ್ ಸೈನಿಕ ಹುಳುವಿನ ಗುರುತು ಅದು, ಮಳೆಯಿಲ್ಲದ ದಿನಗಳಲ್ಲಿ ಈ ಹುಳು ಜಾಸ್ತಿ.

ಈ ಕಾಲದ ಬೆಳೆಗೆ ನೀರಿನದ್ದೇ ಚಿಂತೆ. ಕೂದಲು ಬರುವ ಮೊದಲು ಒಂದು ವಾರ, ಬಂದ ಮೇಲೆ ಎರಡು ವಾರ ನೆಲ ಒಣಗಲೇಬಾರದು. ನಿಮ್ಮ ತೋಡಿಗೆ ಊರವರು ನೀರು ನಿಲ್ಲಿಸುವ ಕಟ್ಟ (ಒಡ್ಡು) ಹಾಕುತ್ತಾರಾ? ಫೆಬ್ರವರಿ ಮಧ್ಯದವರೆಗೆ ನೀರು ನಿಲ್ಲುತ್ತದಾ? ಅದನ್ನು ವಿಚಾರಿಸಿಕೊಂಡು ಮೊದಲ ಸಲ ಐದು ಸೆಂಟ್ಸ್ ಜಾಗಕ್ಕೆ ಮಾತ್ರ ಬೀಜ ಹಾಕಿ.