ಎಂಟು ಕೋಣೆ, ಇಬ್ಬರೇ ಜನ

ಪ್ರಶ್ನೆ: ಕಾಪು ಹತ್ತಿರ ನಮ್ಮದು ಎಂಟು ಕೋಣೆಯ ಮನೆ. ಇರುವುದು ನಾನು ಮತ್ತು ಅತ್ತೆ. ಅವರಿಗೆ 82, ನನಗೆ 61. ಮಗ ಮಸ್ಕತ್‌ನಲ್ಲಿ, ಮಗಳು ಬೆಂಗಳೂರಲ್ಲಿ. ಪೇಪರ್ ತೆರೆದರೆ ಜಪಾನ್‌ಗೆ ವಯಸ್ಸಾಯಿತು, ಚೀನಾಕ್ಕೆ ವಯಸ್ಸಾಯಿತು ಅಂತ ಬರೆದಿರುತ್ತಾರೆ. ನಮ್ಮದು ಯುವಕರ ದೇಶ ಅಲ್ವಾ, ನಮಗೇಕೆ ಆ ಚಿಂತೆ?
– ಓದುಗರೊಬ್ಬರು, ಉಡುಪಿ ಜಿಲ್ಲೆ

ಉತ್ತರ: ಅಕ್ಕಾ, ಉತ್ತರವನ್ನು ನೀವೇ ಬರೆದು ಕಳಿಸಿದ್ದೀರಿ! ಮನೆಯಲ್ಲಿ ಇಬ್ಬರು, ಇಬ್ಬರೂ 60 ದಾಟಿದವರು. ವಯಸ್ಸಾದವರೇ ವಯಸ್ಸಾದವರನ್ನು ನೋಡಿಕೊಳ್ಳುವುದಕ್ಕೆ ಜಪಾನಿನಲ್ಲಿ ಒಂದು ಹೆಸರೇ ಇದೆ, ‘ರೋರೋ ಕೈಗೊ’ ಅಂತ. ನಿಮ್ಮ ಮನೆ ಆಗಲೇ ಜಪಾನ್ ಆಗಿದೆ.

ದೇಶ ಯುವಕರದ್ದು ಹೌದು. ಆದರೆ ಈಗ ಹತ್ತರಲ್ಲಿ ಒಬ್ಬರಿಗೆ 60 ದಾಟಿದೆ, 2050ರ ಹೊತ್ತಿಗೆ ಐದರಲ್ಲಿ ಒಬ್ಬರಿಗೆ ಅಂತ ವಿಶ್ವಸಂಸ್ಥೆಯ ಅಂದಾಜು. ಮಕ್ಕಳೂ ಕಡಿಮೆ. 2019–21ರ ಸಮೀಕ್ಷೆಯಲ್ಲಿ ಕರ್ನಾಟಕದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು, ಜನಸಂಖ್ಯೆ ಇದ್ದಷ್ಟೇ ಉಳಿಯಲು 2.1 ಬೇಕು. 65 ದಾಟಿದವರ ಪಾಲು ನೂರಕ್ಕೆ 7ರಿಂದ 14 ಆಗಲು ಫ್ರಾನ್ಸಿಗೆ ನೂರು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಜಪಾನಿಗೆ 1970ರಿಂದ 1994, ಅಷ್ಟೇ. ಆದರೆ ಅಷ್ಟರೊಳಗೆ ಅವರ ಕೈಯಲ್ಲಿ ದುಡ್ಡಿತ್ತು. 2000ದಲ್ಲಿ ಆರೈಕೆ ವಿಮೆ ತಂದರು, 40 ತುಂಬಿದವರೆಲ್ಲ ಕಂತು ಕಟ್ಟುತ್ತಾರೆ, ಮನೆಗೇ ಬಂದು ಸ್ನಾನ ಮಾಡಿಸುವವರ ಖರ್ಚಿನ ದೊಡ್ಡ ಪಾಲು ಅದರಲ್ಲೇ ಹೋಗುತ್ತದೆ.

ನಮ್ಮಲ್ಲಿ? ಆಸ್ಪತ್ರೆಗೆ ಬರ ಇಲ್ಲ ಮಾರಾಯ್ರೆ, ಈ ಕಡೆ ಮಣಿಪಾಲ, ಆ ಕಡೆ ಮಂಗಳೂರು. 70 ದಾಟಿದವರಿಗೆ ಆದಾಯ ನೋಡದೆ ವರ್ಷಕ್ಕೆ 5 ಲಕ್ಷದ ವಿಮೆ ಅಂತ ಕೇಂದ್ರ 2024ರಲ್ಲಿ ಹೇಳಿತು. ಅದು ಅಡ್ಮಿಟ್ ಆದರೆ. ಸೊಂಟ ಮುರಿದು, ಆಪರೇಷನ್ ಆಗಿ, ಮನೆಗೆ ಬಂದ ಮೇಲೆ ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಕೈ ಹಿಡಿದು ಕರೆದುಕೊಂಡು ಹೋಗುವವರು ಯಾರು? ನೀವೇ, ಆ ಮಂಡಿನೋವಿಟ್ಟುಕೊಂಡು. (ನೀವು ಬರೆದಿಲ್ಲ, ಆದರೆ 61ಕ್ಕೆ ಮಂಡಿ ನೋಯದವರನ್ನು ನಾನು ನೋಡಿಲ್ಲ.)

ಈ ಸಲ ಮಗ ಊರಿಗೆ ಬಂದಾಗ ಹೊಸ ಟೀವಿ ಬೇಡ ಅನ್ನಿ. ಬಚ್ಚಲಿಗೆ ಹಿಡಿಕೆ ಹಾಕಿಸಲಿ, ಜಾರುವ ಟೈಲ್ಸ್ ತೆಗೆಸಲಿ, ಅತ್ತೆಯ ಮಂಚ ಕೆಳಗಿನ ಕೋಣೆಗೆ ಬರಲಿ. ವಾರಕ್ಕೆ ಎರಡು ದಿನವಾದರೂ ಹೋಂ ನರ್ಸ್ ಬರಲಿ, ಆ ಸಂಬಳ ಮಕ್ಕಳಿಬ್ಬರೂ ಹಂಚಿಕೊಳ್ಳಲಿ. ಕೇಳಲು ನಾಚಿಕೆ ಯಾಕೆ? ಹಿರಿಯರ ಸಹಾಯವಾಣಿ 14567, ಅದನ್ನು ಫೋನಿನಲ್ಲಿ ಸೇವ್ ಮಾಡಿಡಿ, ಅತ್ತೆಯ ಫೋನಿನಲ್ಲೂ.