ಬೋರ್ ಬತ್ತಿದ 6 ಎಕರೆ ಎರೆ ಹೊಲ: ಹೊಸ ಬೋರ್ ಕೊರೆಸಲೇ, ಒಡ್ಡು ಹಾಕಿಸಲೇ?

ವಿಜಯಪುರ ಜಿಲ್ಲೆಯಲ್ಲಿ 6 ಎಕರೆ ಇಳಿಜಾರು ಎರೆ (ಕಪ್ಪು ಮಣ್ಣಿನ) ಹೊಲ, ಬೋರ್ ಬತ್ತಿದೆ, ಮಳೆ ಜೋರಾದರೆ ಮಣ್ಣು ಹಳ್ಳ ಸೇರುತ್ತದೆ ಎಂದಿದ್ದೀರಿ. ಬೋರಿನ ದುಡ್ಡು ಸದ್ಯ ಕೈಯಲ್ಲೇ ಇರಲಿ. ನಾನೂ ಈ ಕಡೆಯವನೇ, ಮಳೆ ನಂಬಿ ಬಿಳಿಜೋಳ, ಕಡಲೆ ಬೆಳೆಯುತ್ತೇನೆ. ಒಂದು ಎಕರೆ ಮೇಲೆ 1 ಮಿ.ಮೀ. ಮಳೆ ಎಂದರೆ ಸುಮಾರು 4,000 ಲೀಟರ್ ನೀರು. 50 ಮಿ.ಮೀ. ಮಳೆಗೆ ನಿಮ್ಮ ಹೊಲದಲ್ಲಿ ಬೀಳುವುದು ಹೆಚ್ಚುಕಡಿಮೆ 12 ಲಕ್ಷ ಲೀಟರ್. ಅದನ್ನು ಹಳ್ಳಕ್ಕೆ ಬಿಟ್ಟು ಬೋರ್ ಕೊರೆಸುವುದು ಯಾಕೆ?

ಮೊದಲು ಹೊಲದ ಮೇಲೆ, ನಡುವೆ, ಕೆಳಗೆ ಒಂದೊಂದು ಗುಂಡಿ ತೋಡಿ ನೋಡಿ. ಮೂರಡಿ ಎರೆ ಇದ್ದರೆ ಹಿಂಗಾರಿ ಜೋಳಕ್ಕೆ ಧೈರ್ಯ ಮಾಡಬಹುದು. ಒಂದೂವರೆ ಅಡಿಗೇ ಗರಸು (ಕಲ್ಲುಮಿಶ್ರಿತ ಗಟ್ಟಿ ಮಣ್ಣು) ಸಿಕ್ಕರೆ ಆ ಪಟ್ಟಿಯಲ್ಲಿ ಜೋಳ ಬೇಡ. ಕೆಳಗೆ ಹಸಿ ನಿಲ್ಲುವುದಿಲ್ಲ, ತೆನೆ ಬರುವ ಹೊತ್ತಿಗೆ ಬೆಳೆ ಒಣಗುತ್ತದೆ. ಅಲ್ಲಿ ಮುಂಗಾರಿಗೇ ಹೆಸರು, ಸಜ್ಜೆ, ಹುರುಳಿ ಬಿತ್ತಿ.

ಆಳದ ಎರೆಯಲ್ಲಿ ಜೂನ್-ಜುಲೈಗೇ ಚೌಕುಮಡಿ ಮಾಡಿ. ಹರಗಿದ ಹೊಲದಲ್ಲಿ 10ರಿಂದ 15 ಅಡಿ ಚೌಕ, ಸುತ್ತ ಗೇಣೆತ್ತರದ ಬದು. ಇಳಿಜಾರು ಜಾಸ್ತಿ ಇದ್ದಲ್ಲಿ ಚೌಕ ಚಿಕ್ಕದಿರಲಿ. ಬಿದ್ದ ಮಳೆ ಬಿದ್ದಲ್ಲೇ ಇಂಗುತ್ತದೆ. ಬಿತ್ತನೆಯವರೆಗೆ ಬದು ಹಾಗೇ ಇರಲಿ. ಆಮೇಲೆ ಹರಗಿ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದೊಳಗೆ ಕೂರಿಗೆ ಹೂಡಿ. ಮುಂಗಾರು ಎಂದರೆ ಬರೀ ಕಸ ಬೆಳೆಯುವ ಕಾಲ, ಸುಮ್ನೆ ಖರ್ಚು ಎನ್ನುವವರು ಇರುತ್ತಾರೆ. ಅವರ ಹೊಲದ ಜೋಳವನ್ನು ಜನವರಿಯಲ್ಲಿ ನೋಡಿ ಬನ್ನಿ.

ದೊಡ್ಡ ಒಡ್ಡಿನ ವಿಚಾರದಲ್ಲಿ ಮಾತ್ರ ಹುಷಾರು. ಎರೆ ಬೇಸಿಗೆಯಲ್ಲಿ ಬಿರಿ ಬಿಡುತ್ತದೆ ಅಲ್ವಾ? ನೀರನ್ನು ಪೂರ್ತಿ ತಡೆಯುವ ಒಡ್ಡು ಹಾಕಿದರೆ ಮೇಲೆ ನೀರು ನಿಂತು ಬೆಳೆ ಹಳದಿಯಾಗುತ್ತದೆ, ಇಲ್ಲವೇ ಬಿರಿಯಲ್ಲೇ ನೀರು ನುಗ್ಗಿ ಒಡ್ಡು ಒಡೆಯುತ್ತದೆ. ಹೆಚ್ಚಾದ ನೀರು ಮೆಲ್ಲಗೆ ಪಕ್ಕಕ್ಕೆ ಹರಿಯುವಂತೆ ಒಡ್ಡಿನ ಉದ್ದಕ್ಕೆ ಸ್ವಲ್ಪ ವಾಟ (ಇಳಿಜಾರು) ಕೊಟ್ಟು, ತುದಿಯಲ್ಲಿ ಕಲ್ಲಿನ ಕೋಡಿ ಕಟ್ಟಿಸಿ. ಕೆಲಸ ಮೇಲಿನಿಂದ ಶುರುವಾಗಲಿ. ಮೇಲಿನ ಹೊಲದವರ ನೀರು ನಿಮ್ಮಲ್ಲಿಗೆ ನುಗ್ಗುತ್ತಿದ್ದರೆ ಮೊದಲು ಅವರ ಜೊತೆ ಕೂತು ಮಾತಾಡಿ, ಇದೇ ನಿಜವಾದ ಕಷ್ಟದ ಕೆಲಸ.

ಬೆಳೆ ಎದ್ದ ಮೇಲೆ ಎಡೆ ಹೊಡೆಯುವುದನ್ನು, ಅಂದರೆ ಸಾಲುಗಳ ನಡುವೆ ಎಡೆಕುಂಟೆ ಹಾಯಿಸುವುದನ್ನು, ಬಿಡಬೇಡಿ. ಕಸ ಇಲ್ಲದಿದ್ದರೂ ಹೊಡೆಯಿರಿ. ಮೇಲಿನ ಪುಡಿಮಣ್ಣು ಬಿರಿಗಳನ್ನು ಮುಚ್ಚಿ ಕೆಳಗಿನ ಹಸಿ ಉಳಿಸುತ್ತದೆ.

ಕೃಷಿ ಹೊಂಡ ಆಮೇಲೆ. ಒಳ್ಳೆ ಎರೆಯಲ್ಲಿ ನೀರು ಸೋರುವುದು ಕಡಿಮೆ, ಎಷ್ಟೋ ಕಡೆ ಪ್ಲಾಸ್ಟಿಕ್ ಹಾಳೆ ಬೇಕಾಗುವುದಿಲ್ಲ. ಆದರೆ ನೀರು ಬರುವ ಕಡೆ ಹೂಳು ನಿಲ್ಲಲು ಸಣ್ಣ ಗುಂಡಿ ಇರಲಿ. ಸಹಾಯಧನದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ವಿಜಯಪುರದಲ್ಲಿ ಒಣಬೇಸಾಯದ ಸಂಶೋಧನೆ 1930ರ ದಶಕದಲ್ಲೇ ಶುರುವಾಗಿದೆ. ಅಲ್ಲಿನ ಹಿಟ್ಟಿನಹಳ್ಳಿ ಕೃಷಿ ಸಂಶೋಧನಾ ಫಾರ್ಮಿಗೆ ಒಮ್ಮೆ ಹೋಗಿ, ಗುಂಡಿಯಲ್ಲಿ ಕಂಡದ್ದನ್ನು ಹೇಳಿ, ಒಡ್ಡಿನ ವಾಟ ಎಷ್ಟಿರಬೇಕೆಂದು ಕೇಳಿಕೊಂಡು ಬನ್ನಿ.