22 ನಿಮಿಷದ ಮಾತ್ರೆ

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಸುರಪುರ ತಾಲ್ಲೂಕಿನ ಒಂದು ಹಳ್ಳಿ. ಕಲಬುರಗಿಯ ಹಾಸ್ಟೆಲ್‌ನಲ್ಲಿದ್ದು ಬಿ.ಫಾರ್ಮ್ ಕೊನೇ ವರ್ಷ ಓದುತ್ತಿದ್ದೇನೆ. ಎಂ.ಫಾರ್ಮ್ ಮಾಡುವ ಆಸೆ ಇದೆ, ಅದರ ಪ್ರವೇಶ ಪರೀಕ್ಷೆ ಜಿಪ್ಯಾಟ್‌ಗೆ ತಯಾರಿ ನಡೆದಿದೆ. ನನಗೆ ಫಾರ್ಮಾಸ್ಯೂಟಿಕ್ಸ್, ಅಂದರೆ ಔಷಧಿಯನ್ನು ಮಾತ್ರೆ, ಸಿರಪ್ ರೂಪಕ್ಕೆ ತರುವ ವಿಷಯ, ಇಷ್ಟ. ಸೀನಿಯರ್‌ಗಳು "ಅದಕ್ಕೆ ಸ್ಕೋಪ್ ಇಲ್ಲ, ರೆಗ್ಯುಲೇಟರಿ (ಔಷಧಿಗೆ ಸರ್ಕಾರದ ಅನುಮತಿ ಪಡೆಯುವ ವಿಷಯ) ತಗೋ" ಅಂತಾರೆ. ಅಪ್ಪ "ಕಡೇಚೂರಿನ ಕಂಪನಿಯಲ್ಲಿ ಕೆಲಸ ಸಿಕ್ಕರೆ ಸೇರಿಬಿಡು, ಇನ್ನೂ ಎರಡು ವರ್ಷದ ಫೀಸು ಎಲ್ಲಿಂದ ತರಲಿ" ಅಂತಾರೆ. ಒಂದು ಖಾಸಗಿ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಈ ವಿಷಯವೇ ಯಾಕೆ ಬೇಕು ಅಂತ ಒಂದು ಪುಟ ಬರೆಯಲು ಹೇಳಿದ್ದಾರೆ. ನನ್ನ ಪ್ರಾಜೆಕ್ಟ್, ಬೇವಿನ ಮರದ ಅಂಟು ಬಳಸಿ ಪ್ಯಾರಾಸಿಟಮಾಲ್ ಮಾತ್ರೆ ಮಾಡುವುದು. ಮಾತ್ರೆ ಗಟ್ಟಿಯಾಗಿ ಬಂತು. ಆದರೆ ನೀರಿನಲ್ಲಿ ಒಡೆಯಲು 22 ನಿಮಿಷ ತಗೊಂಡಿತು. ಗೆಳತಿಯರು "14 ಅಂತ ಬರೆ" ಅಂದರು. ನಾನು ಬರೆಯಲಿಲ್ಲ. ಫೇಲಾದ ಪ್ರಾಜೆಕ್ಟ್ ಬಗ್ಗೆ ಅರ್ಜಿಯಲ್ಲಿ ಬರೆಯಬಹುದಾ?
ಓದುಗಿ, ಯಾದಗಿರಿ ಜಿಲ್ಲೆ

ಉತ್ತರ: ತಂಗಿ, ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆ ಪುಟದಲ್ಲಿ ಏನು ಬರೆಯಬೇಕು ಅನ್ನುವುದು ನಿನ್ನ ಪತ್ರದಲ್ಲೇ ಇದೆ. 22 ನಿಮಿಷದ ಬಗ್ಗೆಯೇ ಬರೆ.

ಈ ಅಂಕಣ ಓದುವ ಬೇರೆಯವರಿಗಾಗಿ ಒಂದು ಮಾತು. ಹೊರಪದರ ಇಲ್ಲದ ಸಾದಾ ಮಾತ್ರೆ 15 ನಿಮಿಷದೊಳಗೆ ನೀರಿನಲ್ಲಿ ಒಡೆಯಬೇಕು ಅಂತ ನಮ್ಮ ದೇಶದ ಔಷಧಿ ಗುಣಮಟ್ಟದ ಪುಸ್ತಕ ಇಂಡಿಯನ್ ಫಾರ್ಮಾಕೋಪಿಯಾ ಹೇಳುತ್ತದೆ. ಅದಕ್ಕೇ ಗೆಳತಿಯರು 14 ಅಂದಿದ್ದು. ನೀನು ಬರೆಯದೇ ಇದ್ದದ್ದು ನನಗೆ ಎಷ್ಟು ಸಂತೋಷ ಕೊಟ್ಟಿತು ಅಂದರೆ, ಮನೆಯವರಿಗೆಲ್ಲ ಓದಿ ಹೇಳಿದೆ. 14 ಬರೆದಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. 22 ಇರುವುದರಿಂದ ಒಂದು ಪ್ರಶ್ನೆ ಉಳಿದಿದೆ, ಅಲ್ವಾ? ಯಾಕೆ ಒಡೆಯಲಿಲ್ಲ?

ಅಂಟು ನೀರು ಕುಡಿದು ಉಬ್ಬುತ್ತದೆ. ಮಾತ್ರೆಯ ಸುತ್ತ ಲೋಳೆಯಂಥ ಪದರ ಕಟ್ಟುತ್ತದೆ. ಆಮೇಲೆ ನೀರು ಒಳಗೆ ಹೋಗುವುದು ನಿಧಾನ. ನೀನು ಅಂಟು ಎಷ್ಟು ಹಾಕಿದ್ದೆ? ಅರ್ಧಕ್ಕೆ ಇಳಿಸಿದರೆ ಏನಾಗುತ್ತದೆ? ಮಾತ್ರೆ ಬೇಗ ಒಡೆಯಲು ಹಾಕುವ ಕ್ರಾಸ್‌ಪೊವಿಡೋನ್ ಅಥವಾ ಸೋಡಿಯಂ ಸ್ಟಾರ್ಚ್ ಗ್ಲೈಕೊಲೇಟ್ ಸ್ವಲ್ಪ ಸೇರಿಸಿ ನೋಡಬಹುದಿತ್ತಾ? ಇನ್ನೂ ಒಂದು ಯೋಚನೆ ಮಾಡು. ಜ್ವರದ ಮಾತ್ರೆ ಬೇಗ ಒಡೆಯಬೇಕು, ನಿಜ. ಆದರೆ ಇಡೀ ದಿನ ಸ್ವಲ್ಪ ಸ್ವಲ್ಪವೇ ಔಷಧಿ ಬಿಡಬೇಕಾದ ಮಾತ್ರೆಗೆ ಇದೇ ಲೋಳೆ ಪದರ ಬೇಕಾಗಬಹುದು. ಇದನ್ನು ಬರೆ. ಮಾಡಿದ್ದೇನು, ಬಂದದ್ದೇನು, ಯಾಕಿರಬಹುದು, ಮುಂದೆ ಏನು ಮಾಡಿ ನೋಡುವ ಆಸೆ. "ಚಿಕ್ಕಂದಿನಿಂದಲೂ ಔಷಧಿ ಎಂದರೆ ಪ್ರೀತಿ" ಅನ್ನುವ ಸಾಲು ಬೇಡ. ಆ ಸಾಲನ್ನು ಎಲ್ಲರೂ ಬರೆಯುತ್ತಾರೆ. ಮೊದಲು ಕನ್ನಡದಲ್ಲೇ ಬರೆದುಕೋ. ಅವ್ವನ ಮುಂದೆ ಓದು. ಅವಳಿಗೆ ತಿಳಿದರೆ ಆಮೇಲೆ ಇಂಗ್ಲಿಷ್‌ಗೆ ತಾ.

ನನ್ನದೂ ಹೀಗೇ ಒಂದು ಕಥೆ ಇದೆ. ನನ್ನ ಎಂ.ಫಾರ್ಮ್ ಪ್ರಾಜೆಕ್ಟ್ ಬಿಸಿಲುಗಾಲದಲ್ಲಿ ನಡೆಯಿತು. ಕಲಬುರಗಿಯ ಮೇ ತಿಂಗಳು ಗೊತ್ತಲ್ಲ, ಲ್ಯಾಬಿನ ಕಿಟಕಿ ಮುಟ್ಟಿದರೆ ಕೈ ಸುಡುತ್ತಿತ್ತು. ಮಷಿನ್ನಿನಲ್ಲಿ ಒತ್ತಿದ ಮಾತ್ರೆಗಳ ತಲೆ ಟೋಪಿಯ ಹಾಗೆ ಕಳಚಿ ಬರುತ್ತಿತ್ತು. ಇದಕ್ಕೆ ಕ್ಯಾಪಿಂಗ್ ಅಂತಾರೆ. ಹದಿನೈದು ದಿನ ಮಷಿನ್ನಿನದೇ ತಪ್ಪು ಅಂದುಕೊಂಡೆ. ಕೊನೆಗೆ ನೋಡಿದರೆ ಗ್ರ್ಯಾನ್ಯೂಲ್, ಅಂದರೆ ಮಾತ್ರೆಯಾಗಿ ಒತ್ತುವ ಔಷಧಿಯ ಕಾಳು, ಅತಿಯಾಗಿ ಒಣಗಿತ್ತು. ಕಾಳಿನಲ್ಲಿ ಸ್ವಲ್ಪ ತೇವ ಉಳಿಯದಿದ್ದರೆ ಅದು ಕೂಡಿಕೊಳ್ಳುವುದಿಲ್ಲ. ವೈವಾದಲ್ಲಿ ಪರೀಕ್ಷಕರು ಅದೊಂದನ್ನೇ ಅರ್ಧ ತಾಸು ಕೇಳಿದರು. ಚೆನ್ನಾಗಿ ಬಂದ ಬ್ಯಾಚ್‌ಗಳ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ.

ಇನ್ನು ಸ್ಕೋಪ್ ಮಾತು. ರೆಗ್ಯುಲೇಟರಿ ಕೆಲಸ ಕಡಿಮೆಯದಲ್ಲ, ಕಾಗದಪತ್ರದಲ್ಲಿ ಮನಸ್ಸಿರುವವರಿಗೆ ಅದು ಒಳ್ಳೆಯ ದಾರಿ. ನಿನ್ನ ಪತ್ರದಲ್ಲಿ ಅದರ ಬಗ್ಗೆ ಒಂದು ಸಾಲು, ಮಾತ್ರೆಯ ಬಗ್ಗೆ ಐದು ಸಾಲು. ಫಾರ್ಮಾಸ್ಯೂಟಿಕ್ಸ್ ತಗೋ.

ಜಿಪ್ಯಾಟ್ ಈಗ ನಡೆಸುವುದು ಕೇಂದ್ರದ ವೈದ್ಯಕೀಯ ಪರೀಕ್ಷಾ ಮಂಡಳಿ ಎನ್‌ಬಿಇಎಂಎಸ್. ಹಿಂದೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಎನ್‌ಟಿಎ ನಡೆಸುತ್ತಿತ್ತು, 2024ರಿಂದ ಬದಲಾಗಿದೆ. 125 ಪ್ರಶ್ನೆ, 500 ಅಂಕ. ಸರಿ ಉತ್ತರಕ್ಕೆ 4, ತಪ್ಪಿದರೆ 1 ಕಳೆಯುತ್ತಾರೆ. ಕೆಮಿಸ್ಟ್ರಿ ಮತ್ತು ಫಾರ್ಮಾಸ್ಯೂಟಿಕ್ಸ್ ಎರಡೇ ಸೇರಿ 76 ಪ್ರಶ್ನೆ. ನಿನಗೆ ಇಷ್ಟದ ವಿಷಯವೇ ಅಲ್ಲಿ ಜಾಸ್ತಿ ಇದೆ ನೋಡವ್ವ. ಕೇಂದ್ರ ಸರ್ಕಾರದ ಔಷಧ ವಿಜ್ಞಾನ ಸಂಸ್ಥೆ ನೈಪರ್‌ಗೂ ಪ್ರಯತ್ನಿಸು. ಅದಕ್ಕೆ ಜಿಪ್ಯಾಟ್ ಪಾಸಾದ ಮೇಲೆ ಬೇರೆ ಪ್ರವೇಶ ಪರೀಕ್ಷೆ ಇರುತ್ತದೆ. ಹೈದರಾಬಾದಿನ ನೈಪರ್ ನಮಗೆ ಬೆಂಗಳೂರಿಗಿಂತ ಹತ್ತಿರ, ವಾಡಿ ದಾಟಿದರೆ ತಾಂಡೂರು, ವಿಕಾರಾಬಾದ್, ಆಮೇಲೆ ಊರೇ.

ಅಪ್ಪನ ಚಿಂತೆ ನ್ಯಾಯವಾದದ್ದು. ಅವರಿಗೆ ಇದನ್ನು ಹೇಳು. ಜಿಪ್ಯಾಟ್ ಮೂಲಕ ಸೀಟು ಪಡೆದವರಿಗೆ ಕೇಂದ್ರದ ತಾಂತ್ರಿಕ ಶಿಕ್ಷಣ ಪರಿಷತ್ತು ಎಐಸಿಟಿಇಯ ಸ್ಕಾಲರ್‌ಶಿಪ್ ಇದೆ, ತಿಂಗಳಿಗೆ 12,400 ರೂಪಾಯಿ, 24 ತಿಂಗಳವರೆಗೆ. ಆದರೆ ಎಲ್ಲ ಕಾಲೇಜಿಗೂ ಅದು ಅನ್ವಯಿಸುವುದಿಲ್ಲ. ಫೀಸು ಕಟ್ಟುವ ಮುಂಚೆ ಆ ಕಾಲೇಜಿನ ಈಗಿನ ಎಂ.ಫಾರ್ಮ್ ಮಕ್ಕಳನ್ನೇ ಹಿಡಿದು ಕೇಳು, ದುಡ್ಡು ಖಾತೆಗೆ ಬರುತ್ತಿದೆಯಾ ಅಂತ. ಆಫೀಸಿನ ಮಾತು ಒಂದೇ ಸಾಲದು. ಕೆಲಸ ಸಿಕ್ಕರೆ ಒಂದು ವರ್ಷ ಮಾಡುವುದರಲ್ಲೂ ತಪ್ಪಿಲ್ಲ, ಜಿಪ್ಯಾಟ್ ಅಂಕಕ್ಕೆ ಮೂರು ವರ್ಷ ಬೆಲೆ ಇರುತ್ತದೆ. ಕಡೇಚೂರಿನಲ್ಲಿ ಮಾತ್ರೆ ಮಾಡುವುದಕ್ಕಿಂತ ಔಷಧಿಯ ಕಚ್ಚಾಮಾಲು ಮತ್ತು ರಾಸಾಯನಿಕ ಮಾಡುವ ಕಾರ್ಖಾನೆಗಳೇ ಹೆಚ್ಚು, ಅದು ಮಾತ್ರ ನೆನಪಿರಲಿ.

ಕೊನೆಗೆ ಪ್ರಮಾಣಪತ್ರ. ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ, ತಪ್ಪು ನಮೂನೆ ಒಯ್ದು ಒಂದು ವರ್ಷ ಕಳೆದುಕೊಂಡೆ. ನೀನು ಹಿಂದುಳಿದ ವರ್ಗದವಳಾದರೆ ರಾಜ್ಯದ 2ಎ, 3ಬಿ ಪತ್ರ ಜಿಪ್ಯಾಟ್‌ಗೆ, ನೈಪರ್‌ಗೆ ನಡೆಯುವುದಿಲ್ಲ. ಕೇಂದ್ರದ ಒಬಿಸಿ ನಮೂನೆ ಬೇರೆ, ತಹಶೀಲ್ದಾರರಿಂದ ಹೊಸದಾಗಿ ಮಾಡಿಸಬೇಕು. ರಾಜ್ಯದೊಳಗಿನ ಸೀಟಿಗೆ ನಮ್ಮ ಕಲ್ಯಾಣ ಕರ್ನಾಟಕದ ಮೀಸಲಾತಿ ಸಿಗಬೇಕಾದರೆ 371ಜೆ ಪ್ರಮಾಣಪತ್ರವೂ ಬೇಕು, ಅದನ್ನು ಕೊಡುವುದು ಸಹಾಯಕ ಆಯುಕ್ತರು. ಎರಡಕ್ಕೂ ಈ ವಾರವೇ ಅರ್ಜಿ ಹಾಕು. ಪುಟ ಬರೆದಾದ ಮೇಲೆ ಪತ್ರಿಕೆಯ ವಿಳಾಸಕ್ಕೆ ಕಳಿಸು, ನಾನು ಓದಿ ಹೇಳುತ್ತೇನೆ. ಅಂಟು ಎಷ್ಟು ಹಾಕಿದ್ದೆ ಅನ್ನುವುದನ್ನೂ ಬರೆ, ನನಗೆ ತಿಳಿಯಬೇಕು.